ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಚರ್ಚ್ ವಾಸ್ತುಶಿಲ್ಪ: ಮಾದರಿ ಮತ್ತು ಮಾರ್ಪಾಡು

ಪೀಠಿಕೆ

19ನೆಯ ಶತಮಾನದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಟ್ಟಲಾದ ಚರ್ಚುಗಳ ಬಗ್ಗೆ ಕಲಾವಿಮರ್ಶೆಯಲ್ಲಿ ಮತ್ತೆ ಮತ್ತೆ ಕೇಳಿಬಂದಿರುವ ಆಕ್ಷೇಪವೊಂದಿದೆ. ಅವು ಯುರೋಪಿನ ಮಧ್ಯಯುಗದ ದೇವಾಲಯಗಳ ಪ್ರತಿಕೃತಿಗಳು. ಹನ್ನೆರಡನೆಯ ಶತಮಾನದಿಂದ ಮುಂದಕ್ಕೆ ಫ್ರಾನ್ಸ್, ಇಂಗ್ಲೆಂಡ್ ಮತ್ತು ಜರ್ಮನಿಗಳಲ್ಲಿ ಬೆಳೆದ ಗಾಥಿಕ್ ಶೈಲಿಯನ್ನೂ ಅದಕ್ಕೂ ಹಿಂದಿನ ರೋಮನೆಸ್ಕ್ ಶೈಲಿಯನ್ನೂ ಶತಮಾನಗಳ ತರುವಾಯ ಸಾಗರದಾಚೆಯ ಹೊಸ ನಾಡಿನಲ್ಲಿ ಪುನರಾವರ್ತಿಸಿದ ಕಟ್ಟಡಗಳು. ಆದುದರಿಂದ ಅವುಗಳಿಗೆ ಸ್ವಂತಿಕೆಯಿಲ್ಲ ಎಂಬುದು ಆ ಆಕ್ಷೇಪದ ಸಾರ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆ ಕಾಲದ ಅಮೆರಿಕದ ವಾಸ್ತುಶಿಲ್ಪಿಗಳು ತಾವು ಹಳೆಯ ಮಾದರಿಗಳನ್ನು ಅನುಸರಿಸುತ್ತಿರುವುದನ್ನು ಎಂದೂ ಮರೆಮಾಚಲಿಲ್ಲ. ಬದಲಾಗಿ ಅದನ್ನು ತಮ್ಮ ಕೃತಿಗಳ ಹಿರಿಮೆಯೆಂದೇ ಭಾವಿಸಿದ್ದರು.

ಆದರೆ ಮಾದರಿಯೊಂದನ್ನು ಒಂದು ನೆಲದಿಂದ ಮತ್ತೊಂದು ನೆಲಕ್ಕೆ ಕೊಂಡೊಯ್ಯುವಾಗ ಅದು ಹಾಗೆಯೇ ಉಳಿಯುವುದು ಸಾಧ್ಯವಿಲ್ಲ. ದೊರೆಯುವ ಕಲ್ಲು, ಕಾಡಿನ ಮರ, ಕೆಲಸಗಾರರ ಕುಶಲತೆ, ಸಭೆಯ ಹಣದ ಚೀಲ, ನೆಲದ ಗುಣ, ಎಲ್ಲಕ್ಕಿಂತ ಹೆಚ್ಚಾಗಿ ಆರಾಧನೆಯ ರೀತಿ ಇವೆಲ್ಲವೂ ಮಾದರಿಯ ಮೇಲೆ ಒತ್ತಡ ಹೇರುತ್ತವೆ. ವಾಸ್ತುಶಿಲ್ಪಿ ಏನನ್ನು ತಂದನೆಂಬುದರಷ್ಟೇ ಏನನ್ನು ಬಿಟ್ಟುಕೊಟ್ಟನು, ಏನನ್ನು ಬದಲಾಯಿಸಿದನು ಎಂಬುದೂ ಪರಿಶೀಲನೆಗೆ ಯೋಗ್ಯವಾದುದು. ರಿಚರ್ಡ್ ಅಪ್‌ಜಾನ್, ಜೇಮ್ಸ್ ರೆನ್ವಿಕ್, ಪ್ಯಾಟ್ರಿಕ್ ಕೀಲಿ ಮತ್ತು ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಎಂಬ ನಾಲ್ವರ ಕಟ್ಟಡಗಳನ್ನು ಮುಖ್ಯವಾಗಿ ಆಧರಿಸಿ, ಈ ಮಾರ್ಪಾಡುಗಳ ಸ್ವರೂಪವನ್ನು ಇಲ್ಲಿ ವಿವೇಚಿಸಲಾಗಿದೆ.

ಹಿನ್ನೆಲೆ

ಅಮೆರಿಕದ ಚರ್ಚ್ ನಿರ್ಮಾಣವನ್ನು ಅರಿಯಲು ಅಲ್ಲಿನ ಒಂದು ರಾಜಕೀಯ ಸಂಗತಿಯನ್ನು ಮೊದಲು ಗಮನಿಸಬೇಕು. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲನೆಯ ತಿದ್ದುಪಡಿಯು ಕೇಂದ್ರ ಸರ್ಕಾರವು ಯಾವುದೇ ಮತವನ್ನು ಅಧಿಕೃತ ಮತವನ್ನಾಗಿ ಸ್ಥಾಪಿಸುವುದನ್ನು ನಿಷೇಧಿಸಿತು. ರಾಜ್ಯಗಳ ಪೈಕಿ ಕೊನೆಯದಾಗಿ ಮ್ಯಾಸಚೂಸೆಟ್ಸ್ 1833ರಲ್ಲಿ ಚರ್ಚಿಗೆ ತೆರಿಗೆಯ ಹಣ ನೀಡುವ ಪದ್ಧತಿಯನ್ನು ಕೈಬಿಟ್ಟಿತು. ಯುರೋಪಿನ ಮಹಾದೇವಾಲಯಗಳ ಹಿಂದೆ ಅರಸರ, ಧರ್ಮಾಧ್ಯಕ್ಷರ ಹಾಗೂ ಭೂಹಿಡುವಳಿಗಳ ಸಂಪತ್ತು ಇತ್ತು. ಅಮೆರಿಕದಲ್ಲಾದರೋ ಪ್ರತಿಯೊಂದು ಸಭೆಯೂ ತನ್ನ ಸದಸ್ಯರ ದೇಣಿಗೆಯಿಂದಲೇ ಕಟ್ಟಡವನ್ನು ಎಬ್ಬಿಸಬೇಕಾಗಿತ್ತು. ಹೀಗಾಗಿ ವಾಸ್ತುಶಿಲ್ಪಿಯ ಎದುರಿಗೆ ಕುಳಿತು ಲೆಕ್ಕ ಕೇಳುತ್ತಿದ್ದವರು ವರ್ತಕರು, ವಕೀಲರು, ರೈತರು ಇವರಿಂದ ಕೂಡಿದ ಕಟ್ಟಡ ಸಮಿತಿಯವರು.

ವಸಾಹತು ಕಾಲದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಪ್ಯೂರಿಟನ್ ಪಂಥದವರು ಕಟ್ಟಿಕೊಂಡಿದ್ದ ಸಭಾಗೃಹಗಳು ಅಲಂಕಾರವಿಲ್ಲದ ಮರದ ಕಟ್ಟಡಗಳಾಗಿದ್ದವು. ಅವುಗಳಲ್ಲಿ ಪ್ರಸಂಗಪೀಠಕ್ಕೇ ಪ್ರಾಧಾನ್ಯ. ಬಲಿಪೀಠಕ್ಕೆ ಪ್ರತ್ಯೇಕ ಅಂಕಣವಿರಲಿಲ್ಲ. ಕಟ್ಟುತ್ತಿದ್ದವರು ಮುದ್ರಿತ ಮಾದರಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡುವ ಬಡಗಿಗಳು. ಇಂಗ್ಲೆಂಡಿನಲ್ಲಿ 1830ರ ದಶಕದ ಅನಂತರ ಪ್ರಬಲವಾದ ಗಾಥಿಕ್ ಪುನರುಜ್ಜೀವನದ ಚಳವಳಿ ಈ ಸ್ಥಿತಿಯನ್ನು ಬದಲಾಯಿಸಿತು. ವಾಸ್ತುಶಿಲ್ಪಿ ಪ್ಯೂಜಿನ್ 1841ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಎರಡು ನಿಯಮಗಳನ್ನು ಮುಂದಿಟ್ಟರು. ಕಟ್ಟಡಕ್ಕೆ ಅಗತ್ಯವಲ್ಲದ ಯಾವ ಅಂಗವೂ ಅದರಲ್ಲಿ ಇರಕೂಡದು. ಅಲಂಕಾರವೆಂಬುದು ಕಟ್ಟಡದ ಮೂಲ ರಚನೆಯನ್ನೇ ಸಿಂಗರಿಸುವಂತಿರಬೇಕು. ಒಂದು ವಸ್ತುವಿನಿಂದ ಮಾಡಿ ಮತ್ತೊಂದರಂತೆ ತೋರಿಸುವುದು ಅವರ ದೃಷ್ಟಿಯಲ್ಲಿ ಅಸತ್ಯ, ದೇವರ ಮನೆಯಲ್ಲಂತೂ ಸಲ್ಲದ ಅಸತ್ಯ. 1839ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿಕೊಂಡ ಕ್ಯಾಮ್ಡನ್ ಸಂಘವು ಹಳೆಯ ಇಂಗ್ಲಿಷ್ ಚರ್ಚುಗಳನ್ನು ಅಳೆದು, ಆರಾಧನೆಗೆ ತಕ್ಕ ಕಟ್ಟಡ ಹೇಗಿರಬೇಕೆಂಬುದನ್ನು ಶಾಸ್ತ್ರದಂತೆ ಪ್ರತಿಪಾದಿಸಿತು. ಅದರ ಜಾಡಿನಲ್ಲಿಯೇ 1848ರಲ್ಲಿ ನ್ಯೂಯಾರ್ಕಿನಲ್ಲೊಂದು ಸಂಘ ಸ್ಥಾಪನೆಯಾಗಿ, ತನ್ನದೇ ಪತ್ರಿಕೆಯನ್ನೂ ಹೊರಡಿಸಿತು. ಅಮೆರಿಕದ ವಾಸ್ತುಶಿಲ್ಪಿಗಳು ಎದುರಿಸಬೇಕಾಗಿದ್ದುದು ಈ ಕಠಿಣ ಶಾಸ್ತ್ರವನ್ನು ಮತ್ತು ಅದಕ್ಕೆ ಸುಲಭವಾಗಿ ಮಣಿಯದ ತಮ್ಮ ನೆಲದ ವಾಸ್ತವವನ್ನು.

ಅಪ್‌ಜಾನ್ ಮತ್ತು ನ್ಯೂಯಾರ್ಕಿನ ಟ್ರಿನಿಟಿ ಚರ್ಚು

ರಿಚರ್ಡ್ ಅಪ್‌ಜಾನ್ 1802ರಲ್ಲಿ ಇಂಗ್ಲೆಂಡಿನ ಶಾಫ್ಟ್ಸ್‌ಬರಿಯಲ್ಲಿ ಜನಿಸಿದರು. ಪೀಠೋಪಕರಣಗಳನ್ನು ಮಾಡುವ ಬಡಗಿಯ ಕಸುಬನ್ನು ಕಲಿತಿದ್ದ ಅವರು 1829ರಲ್ಲಿ ಕುಟುಂಬ ಸಮೇತ ಅಮೆರಿಕಕ್ಕೆ ವಲಸೆ ಬಂದರು. 1834ರ ವೇಳೆಗೆ ಬಾಸ್ಟನ್ ನಗರವನ್ನು ಸೇರಿ ಅಲ್ಲಿನ ವಾಸ್ತುಶಿಲ್ಪಿಯೊಬ್ಬರ ಬಳಿ ದುಡಿದು ಅನುಭವ ಗಳಿಸಿದರು. ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ವಾಲ್ ಸ್ಟ್ರೀಟ್ ಕೂಡುವೆಡೆಯಲ್ಲಿರುವ ಟ್ರಿನಿಟಿ ಚರ್ಚಿನ ಹಳೆಯ ಕಟ್ಟಡವು ಚಳಿಗಾಲದ ಹಿಮದ ಭಾರದಿಂದ ಶಿಥಿಲಗೊಂಡಾಗ, ಅದರ ದುರಸ್ತಿಗಾಗಿ 1839ರಲ್ಲಿ ಅವರನ್ನು ಕರೆಸಲಾಯಿತು. ಪರಿಶೀಲಿಸಿದ ಬಳಿಕ ಕಟ್ಟಡವನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲವೆಂಬುದು ಖಚಿತವಾಯಿತು. ದುರಸ್ತಿಗೆಂದು ಬಂದವರಿಗೆ ಹೊಸ ಚರ್ಚಿನ ವಿನ್ಯಾಸವೇ ದೊರೆಯಿತು. 1846ರಲ್ಲಿ ಪ್ರತಿಷ್ಠಾಪನೆಗೊಂಡ ಈ ಕಟ್ಟಡವು ಅಮೆರಿಕದ ಗಾಥಿಕ್ ಪುನರುಜ್ಜೀವನದ ಆರಂಭದ ಮಹತ್ಕೃತಿಯೆಂದು ಪರಿಗಣಿತವಾಗಿದೆ.

ಟ್ರಿನಿಟಿಯ ಹೊರಮೈ ನ್ಯೂಜೆರ್ಸಿಯ ಕಂದು ಮರಳುಗಲ್ಲಿನದು. ಮುಂಭಾಗದ ನಡುವೆ ಮೇಲೆದ್ದ ಗೋಪುರ ಮತ್ತು ಅದರ ಮೇಲಿನ ಚೂಪು ಶಿಖರ ಸೇರಿ 281 ಅಡಿ ಎತ್ತರ. ಪ್ಯೂಜಿನ್ ತಮ್ಮ ಪುಸ್ತಕದಲ್ಲಿ ಚಿತ್ರಿಸಿದ್ದ ಆದರ್ಶ ಚರ್ಚಿಗೂ ಇದಕ್ಕೂ ಇರುವ ಸಾಮ್ಯವನ್ನು ವಿದ್ವಾಂಸರು ಗುರುತಿಸಿದ್ದಾರೆ. ಒಳಗೆ ಮಧ್ಯಾಂಕಣ, ಇಕ್ಕೆಲಗಳಲ್ಲಿ ಪಾರ್ಶ್ವಾಂಕಣಗಳು, ತುದಿಯಲ್ಲಿ ಬಲಿಪೀಠವಿರುವ ಆಳವಾದ ಅಂಕಣ, ಅದರ ಹಿಂದೆ ಬಣ್ಣದ ಗಾಜಿನ ಬೃಹತ್ ಕಿಟಕಿ ಹೀಗೆ ವಿನ್ಯಾಸವು ಸಾಗುತ್ತದೆ. ಪ್ರಸಂಗಪೀಠವನ್ನೇ ಕೇಂದ್ರವಾಗಿ ಕಂಡಿದ್ದ ಅಮೆರಿಕದ ಅನೇಕ ಪ್ರೊಟೆಸ್ಟಂಟರಿಗೆ ಇಷ್ಟು ಆಳವಾದ ಬಲಿಪೀಠದ ಅಂಕಣವು ಕ್ಯಾಥೊಲಿಕ್ ಪದ್ಧತಿಯನ್ನು ನೆನಪಿಗೆ ತರುವಂತಿತ್ತು. ಒಂದು ಗೋಡೆಯನ್ನು ಕೆಲವು ಅಡಿ ಹಿಂದಕ್ಕೆ ಸರಿಸುವುದು ಕೂಡ ಅಂದು ಧರ್ಮಶಾಸ್ತ್ರದ ನಿಲುವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಇಷ್ಟಾದರೂ ಪ್ಯೂಜಿನ್ನರ ನಿಯಮಕ್ಕೆ ಟ್ರಿನಿಟಿಯು ಒಂದು ಮುಖ್ಯ ಅಂಶದಲ್ಲಿ ತಪ್ಪಿ ನಡೆಯಿತು. ಮಧ್ಯಾಂಕಣದ ಮೇಲೆ ಕಲ್ಲಿನ ಕಮಾನು ಚಾವಣಿಯಂತೆ ತೋರುವುದು ವಾಸ್ತವವಾಗಿ ಮರದ ಪಟ್ಟಿಗಳ ಮೇಲೆ ಮೆತ್ತಿದ ಗಾರೆ. ಇದರ ಮಹತ್ವವನ್ನು ತಿಳಿಯಲು ಗಾಥಿಕ್ ರಚನೆಯ ಮೂಲತತ್ತ್ವವನ್ನು ನೆನೆಯಬೇಕು. ಕಲ್ಲಿನ ಕಮಾನು ಚಾವಣಿಯು ತನ್ನ ಭಾರವನ್ನು ಕೆಳಕ್ಕೆ ಇಳಿಸುವುದಲ್ಲದೆ ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯಲೆಂದೇ ಗೋಡೆಯ ಹೊರಗೆ ದಪ್ಪನೆಯ ಆಸರೆಗೋಡೆಗಳು ಬೇಕಾಗುತ್ತವೆ. ಗಾರೆಯ ಚಾವಣಿಯಾದರೋ ಹಗುರ. ಅದು ಗೋಡೆಗಳನ್ನು ಅಷ್ಟಾಗಿ ತಳ್ಳುವುದಿಲ್ಲ. ಕಲ್ಲಿನ ಚಾವಣಿಗೆ ಬೇಕಾದ ಅಪಾರ ವೆಚ್ಚ, ದೀರ್ಘಕಾಲ ಮತ್ತು ನುರಿತ ಕೈಗಳು ಅಂದಿನ ನ್ಯೂಯಾರ್ಕಿನಲ್ಲಿ ಸುಲಭಲಭ್ಯವಾಗಿರಲಿಲ್ಲ. ಆದುದರಿಂದ ಸತ್ಯದ ಶಾಸ್ತ್ರವನ್ನು ಮನಸಾರೆ ಒಪ್ಪಿದ ವಾಸ್ತುಶಿಲ್ಪಿಯೇ ತನ್ನ ಮಹತ್ಕೃತಿಯ ನಡುವೆ ಒಂದು ತೋರಿಕೆಗೆ ಎಡೆಮಾಡಿಕೊಡಬೇಕಾಯಿತು.

ಮರದ ಚರ್ಚುಗಳು ಮತ್ತು ಮಾದರಿ ಪುಸ್ತಕ

ಮಾದರಿಯನ್ನು ಅಕ್ಷರಶಃ ಪಾಲಿಸಿದರೆ ಏನಾಗುತ್ತದೆಂಬುದಕ್ಕೆ ಫಿಲಡೆಲ್ಫಿಯಾದ ಸೇಂಟ್ ಜೇಮ್ಸ್ ದ ಲೆಸ್ ಚರ್ಚು ಉತ್ತಮ ನಿದರ್ಶನ. 1846ರಿಂದ 1848ರ ಅವಧಿಯಲ್ಲಿ ನಿರ್ಮಾಣವಾದ ಇದು ಇಂಗ್ಲೆಂಡಿನ ಲಾಂಗ್‌ಸ್ಟಾಂಟನ್ ಗ್ರಾಮದ 13ನೆಯ ಶತಮಾನದ ಸೇಂಟ್ ಮೈಕಲ್ ಚರ್ಚಿನ ಅಳತೆಯ ನಕ್ಷೆಗಳನ್ನು ಆಧರಿಸಿದ್ದು. ಇಂಗ್ಲೆಂಡಿನ ಸಂಘದಿಂದಲೇ ಬಂದ ಆ ನಕ್ಷೆಗಳನ್ನು ಸ್ಥಳೀಯ ವಾಸ್ತುಶಿಲ್ಪಿ ಜಾನ್ ಕಾರ್ವರ್ ಕಟ್ಟಡಕ್ಕೆ ಇಳಿಸಿದರು. ತಗ್ಗಾದ ಕಲ್ಲಿನ ಗೋಡೆಗಳು, ಕಡಿದಾದ ಚಾವಣಿ, ಸಣ್ಣ ಕಿಟಕಿಗಳಿಂದ ಬರುವ ಮಂದ ಬೆಳಕು ಇವುಗಳಿಂದ ಈ ಪುಟ್ಟ ಚರ್ಚು ಗ್ರಾಮೀಣ ಗಾಥಿಕ್ ಮಾದರಿಯಾಗಿ ಪ್ರಸಿದ್ಧವಾಯಿತು. ಆದರೆ ಇಂತಹ ಕಲ್ಲಿನ ಕೆಲಸವನ್ನು ಮಾಡಿಸಬಲ್ಲ ಶ್ರೀಮಂತ ಪೋಷಕರು ಎಲ್ಲ ಊರುಗಳಲ್ಲಿಯೂ ಇರಲಿಲ್ಲ. ಪಶ್ಚಿಮದ ಕಡೆಗೆ ಹೊಸದಾಗಿ ನೆಲೆಗೊಳ್ಳುತ್ತಿದ್ದ ವಸತಿಗಳಲ್ಲಿ ಹೇರಳವಾಗಿದ್ದುದು ಮರ ಮಾತ್ರ.

ಬಡ ಸಭೆಗಳಿಗೆ ಶುಲ್ಕ ಪಡೆಯದೆ ವಿನ್ಯಾಸ ಮಾಡಿಕೊಡುವ ಪರಿಪಾಠವನ್ನು ಅಪ್‌ಜಾನ್ ಇಟ್ಟುಕೊಂಡಿದ್ದರು. ಬೇಡಿಕೆ ಹೆಚ್ಚಿದಂತೆ ಅದನ್ನು ಒಬ್ಬರೇ ಪೂರೈಸುವುದು ಅಸಾಧ್ಯವಾಯಿತು. ಇದಕ್ಕೆ ಅವರು ಕಂಡುಕೊಂಡ ಪರಿಹಾರವೇ 1852ರಲ್ಲಿ ಪ್ರಕಟವಾದ ‘ಗ್ರಾಮೀಣ ವಾಸ್ತುಶಿಲ್ಪ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಸ್ತಕ. ಮರದ ಚರ್ಚು, ಅದಕ್ಕಿಂತ ಚಿಕ್ಕದಾದ ಪ್ರಾರ್ಥನಾಲಯ, ಪಾದ್ರಿಯ ಮನೆ, ಶಾಲೆ ಇವುಗಳ ಕೆಲಸದ ನಕ್ಷೆಗಳನ್ನೂ ಸಾಮಗ್ರಿ ಮತ್ತು ಕೆಲಸದ ವಿವರಗಳನ್ನೂ ಅದು ಒಳಗೊಂಡಿತ್ತು. ಊರಿನ ಬಡಗಿಯೊಬ್ಬ ಈ ಪುಸ್ತಕವನ್ನು ಮುಂದಿಟ್ಟುಕೊಂಡು, ವಾಸ್ತುಶಿಲ್ಪಿಯ ಮುಖವನ್ನೇ ಕಾಣದೆ ಒಂದು ಚರ್ಚನ್ನು ಕಟ್ಟಿ ಮುಗಿಸಬಹುದಾಗಿತ್ತು.

ಈ ಚರ್ಚುಗಳ ಗೋಡೆ ಕಟ್ಟುವ ವಿಧಾನ ವಿಶೇಷವಾಗಿ ಗಮನಾರ್ಹ. ಅಗಲವಾದ ಹಲಗೆಗಳನ್ನು ಲಂಬವಾಗಿ ಒಂದರ ಪಕ್ಕ ಒಂದರಂತೆ ನಿಲ್ಲಿಸಿ, ಅವುಗಳ ನಡುವಿನ ಸಂದುಗಳ ಮೇಲೆ ಕಿರಿದಾದ ಪಟ್ಟಿಗಳನ್ನು ಹೊಡೆಯಲಾಗುತ್ತಿತ್ತು. ಮರವು ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಲಗೆಗಳ ನಡುವೆ ಬಿರುಕು ಬಿಟ್ಟರೂ ಮೇಲಿನ ಪಟ್ಟಿಯು ಅದನ್ನು ಮುಚ್ಚಿಕೊಂಡು ಮಳೆನೀರು ಒಳನುಗ್ಗದಂತೆ ಕಾಯುತ್ತದೆ. ಇದು ಉಪಯುಕ್ತತೆಯ ಮಾತು. ಅದರ ಜೊತೆಗೇ ಸಾಲುಸಾಲಾಗಿ ಮೇಲೇರುವ ಆ ಪಟ್ಟಿಗಳ ನೆರಳುಗೆರೆಗಳು ನೋಟವನ್ನು ಊರ್ಧ್ವಮುಖವಾಗಿ ಒಯ್ಯುತ್ತವೆ. ಕಲ್ಲಿನ ಗಾಥಿಕ್ ಕಂಬಗಳಿಂದ ಮತ್ತು ಚೂಪು ಕಮಾನುಗಳಿಂದ ಸಾಧಿಸಿದ್ದ ಎತ್ತರದ ಅನುಭವವನ್ನು ಇಲ್ಲಿ ಅಗ್ಗದ ಹಲಗೆಯಿಂದ ಸಾಧಿಸಲಾಯಿತು. ಮರವನ್ನು ಮರವೆಂದೇ ತೋರಿಸಿದ ಈ ಬಡ ಚರ್ಚುಗಳು ಪ್ಯೂಜಿನ್ನರ ನಿಯಮಕ್ಕೆ ಟ್ರಿನಿಟಿಗಿಂತಲೂ ಹೆಚ್ಚು ನಿಷ್ಠವಾಗಿವೆ ಎಂದರೆ ತಪ್ಪಾಗಲಾರದು. ವಿಸ್ಕಾನ್ಸಿನ್ ರಾಜ್ಯದ ಡೆಲಾಫೀಲ್ಡಿನಲ್ಲಿ 1850ರ ದಶಕದ ಆರಂಭದಲ್ಲಿ ಕಟ್ಟಲಾದ ಸೇಂಟ್ ಜಾನ್ ಕ್ರಿಸಾಸ್ಟಮ್ ಚರ್ಚು ಇಂದಿಗೂ ಉಳಿದುಬಂದಿರುವ ಇಂತಹ ಕಟ್ಟಡಗಳಲ್ಲೊಂದು.

ಪುಸ್ತಕದ ಮೂಲಕ ವಿನ್ಯಾಸವನ್ನು ಹಂಚಿದ ಇದೇ ವ್ಯಕ್ತಿ ವಾಸ್ತುಶಿಲ್ಪವನ್ನು ಒಂದು ಸ್ವತಂತ್ರ ವೃತ್ತಿಯಾಗಿ ರೂಪಿಸುವುದರಲ್ಲಿಯೂ ಮುಂದಾಳಾದರು. ಮೇಸ್ತ್ರಿಗೂ ವಾಸ್ತುಶಿಲ್ಪಿಗೂ ನಡುವಣ ಗೆರೆ ಅಂದು ಅಸ್ಪಷ್ಟವಾಗಿತ್ತು. 1857ರ ಫೆಬ್ರವರಿ 23ರಂದು ನ್ಯೂಯಾರ್ಕಿನ ಅಪ್‌ಜಾನರ ಕಚೇರಿಯಲ್ಲಿ 13 ಮಂದಿ ವಾಸ್ತುಶಿಲ್ಪಿಗಳು ಸೇರಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಸಂಸ್ಥೆಗೆ ನಾಂದಿ ಹಾಡಿದರು. ಅಪ್‌ಜಾನ್ ಅದರ ಮೊದಲ ಅಧ್ಯಕ್ಷರಾಗಿ 1876ರವರೆಗೂ ಮುಂದುವರಿದು, 1878ರಲ್ಲಿ ನಿಧನರಾದರು.

ರೆನ್ವಿಕ್ ಮತ್ತು ಸೇಂಟ್ ಪ್ಯಾಟ್ರಿಕ್ ಪ್ರಧಾನ ದೇವಾಲಯ

ಅಪ್‌ಜಾನ್ ಬಡಗಿಯ ಕಸುಬಿನಿಂದ ಬಂದವರಾದರೆ, 1818ರಲ್ಲಿ ಜನಿಸಿದ ಜೇಮ್ಸ್ ರೆನ್ವಿಕ್ ನ್ಯೂಯಾರ್ಕಿನ ಪ್ರತಿಷ್ಠಿತ ಮನೆತನದವರು. ಕೊಲಂಬಿಯಾ ಕಾಲೇಜಿನಲ್ಲಿ ಓದಿ ಎಂಜಿನಿಯರಾಗಿ ನಗರದ ಕ್ರೋಟನ್ ನೀರು ಸರಬರಾಜು ಯೋಜನೆಯಲ್ಲಿ ದುಡಿದವರು. ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೇ ಬ್ರಾಡ್‌ವೇಯ ಗ್ರೇಸ್ ಚರ್ಚಿನ ವಿನ್ಯಾಸದ ಹೊಣೆ ಅವರಿಗೆ ದೊರೆಯಿತು. 1846ರಲ್ಲಿ ಪ್ರತಿಷ್ಠಾಪನೆಗೊಂಡ ಈ ಚರ್ಚಿಗೆ ಬಳಸಿದ ಬಿಳಿಯ ಅಮೃತಶಿಲೆಯನ್ನು ಸಿಂಗ್ ಸಿಂಗ್ ಸೆರೆಮನೆಯ ಕೈದಿಗಳು ಕಡಿದು ಒದಗಿಸಿದ್ದರು. ಮಿತವ್ಯಯದ ದೃಷ್ಟಿಯಿಂದ ಶಿಖರವನ್ನು ಮೊದಲು ಮರದಲ್ಲಿಯೇ ಮಾಡಲಾಗಿತ್ತು. 1880ರ ದಶಕದ ಆರಂಭದಲ್ಲಷ್ಟೇ ಅಮೃತಶಿಲೆಯ ಶಿಖರ ಅದರ ಸ್ಥಾನಕ್ಕೆ ಬಂದಿತು.

ರೆನ್ವಿಕ್ಕರ ಹೆಸರನ್ನು ಚಿರಸ್ಥಾಯಿಗೊಳಿಸಿದ ಕೃತಿ ಸೇಂಟ್ ಪ್ಯಾಟ್ರಿಕ್ ಪ್ರಧಾನ ದೇವಾಲಯ. 1845ರಿಂದ ಐರ್ಲೆಂಡನ್ನು ಕಾಡಿದ ಆಲೂಗಡ್ಡೆಯ ಕ್ಷಾಮದಿಂದಾಗಿ ಲಕ್ಷಾಂತರ ಬಡ ಕ್ಯಾಥೊಲಿಕರು ಅಮೆರಿಕದ ಬಂದರುಗಳಿಗೆ ಬಂದಿಳಿದಿದ್ದರು. ಪ್ರೊಟೆಸ್ಟಂಟ್ ಬಹುಸಂಖ್ಯಾತರ ನಾಡಿನಲ್ಲಿ ಅವರು ಅಪಮಾನವನ್ನೂ ಹಗೆತನವನ್ನೂ ಎದುರಿಸಬೇಕಾಯಿತು. ಸ್ವತಃ ಐರಿಷ್ ವಲಸಿಗರಾಗಿದ್ದ ಆರ್ಚ್‌ಬಿಷಪ್ ಜಾನ್ ಹ್ಯೂಸ್ ಈ ಸಮುದಾಯದ ಘನತೆಗೆ ತಕ್ಕ ದೇವಾಲಯವೊಂದು ಬೇಕೆಂದು ಸಂಕಲ್ಪಿಸಿದರು. 1858ರ ಆಗಸ್ಟ್ 15ರಂದು ಅಡಿಗಲ್ಲು ಇಡಲಾಯಿತು. ಅಂದಿಗೆ ಆ ಜಾಗ ನಗರದ ದಟ್ಟ ವಸತಿಯಿಂದ ದೂರವಿದ್ದುದರಿಂದ, ಇದು ಹ್ಯೂಸರ ಹುಚ್ಚುಸಾಹಸವೆಂದು ಆಡಿಕೊಂಡವರೂ ಉಂಟು. ಅಂತರ್ಯುದ್ಧದ ಕಾಲದಲ್ಲಿ ಕೆಲಸ ನಿಂತುಹೋಯಿತು. ಹ್ಯೂಸ್ 1864ರಲ್ಲಿ ತೀರಿಕೊಂಡರು. ದೇವಾಲಯವು ಆರಾಧನೆಗೆ ತೆರೆದುಕೊಂಡುದು 1879ರ ಮೇ 25ರಂದು. ಸುಮಾರು 330 ಅಡಿ ಎತ್ತರದ ಅವಳಿ ಶಿಖರಗಳು ಮುಗಿದುದು 1888ರಲ್ಲಿ.

ಸೇಂಟ್ ಪ್ಯಾಟ್ರಿಕ್ ದೇವಾಲಯದ ರಚನೆಯಲ್ಲಿ ಒಂದು ಅರ್ಥಪೂರ್ಣ ಕೊರತೆ ಕಣ್ಣಿಗೆ ಬೀಳುತ್ತದೆ. ಮೂಲ ಯೋಜನೆಯಲ್ಲಿ ಕಲ್ಲಿನ ಕಮಾನು ಚಾವಣಿ ಇದ್ದಿತು. ಅದರ ತಳ್ಳುವಿಕೆಯನ್ನು ತಡೆಯಲು ಫ್ರಾನ್ಸಿನ ಮಹಾದೇವಾಲಯಗಳಲ್ಲಿರುವಂತೆ ಗೋಡೆಯಿಂದ ಹೊರಚಾಚಿ ಗಾಳಿಯಲ್ಲಿ ಬಾಗಿ ನಿಲ್ಲುವ ಆಸರೆ ಕಮಾನುಗಳನ್ನೂ ಉದ್ದೇಶಿಸಲಾಗಿತ್ತು. ವೆಚ್ಚವನ್ನು ತಗ್ಗಿಸಲೆಂದು ಚಾವಣಿಯನ್ನು ಗಾರೆಗೆ ಬದಲಾಯಿಸಿದ ಕೂಡಲೇ ಆಸರೆ ಕಮಾನುಗಳ ಅಗತ್ಯವೇ ಇಲ್ಲವಾಯಿತು, ಅವುಗಳನ್ನು ಕೈಬಿಡಲಾಯಿತು. ಆದರೆ ಅವುಗಳಿಗಾಗಿ ಉದ್ದೇಶಿಸಿದ್ದ ಚೂಪು ಕಿರುಶಿಖರಗಳು ಮಾತ್ರ ಹೊರಗೆ ಸಾಲಾಗಿ ಉಳಿದುಕೊಂಡಿವೆ. ಹೊರಬೇಕಾದ ಹೊರೆಯಿಲ್ಲದೆ ನಿಂತಿರುವ ಆ ಕಿರುಶಿಖರಗಳನ್ನು ಶೈಲಿಯ ದೃಷ್ಟಿಯಿಂದ ದೋಷವೆನ್ನಬಹುದು. ಚರಿತ್ರೆಯ ದೃಷ್ಟಿಯಿಂದ ಅವು ಒಂದು ದಾಖಲೆ. ವಲಸಿಗರ ದುಡಿಮೆಯ ಹಣ ಎಲ್ಲಿಯವರೆಗೆ ಸಾಗಿತು, ಎಲ್ಲಿ ನಿಂತಿತು ಎಂಬುದನ್ನು ಅವು ಸೂಚಿಸುತ್ತವೆ.

ಕೀಲಿ ಮತ್ತು ವಲಸಿಗರ ಚರ್ಚುಗಳು

ರೆನ್ವಿಕ್ಕರ ಪ್ರಸಿದ್ಧಿಯ ನೆರಳಿನಲ್ಲಿ ಮರೆಯಾದ ಹೆಸರು ಪ್ಯಾಟ್ರಿಕ್ ಚಾರ್ಲ್ಸ್ ಕೀಲಿಯವರದು. 1816ರಲ್ಲಿ ಐರ್ಲೆಂಡಿನ ಟಿಪರೆರಿ ಪ್ರಾಂತದ ಥರ್ಲ್ಸ್‌ನಲ್ಲಿ ಕಟ್ಟಡ ಕಟ್ಟುವವರೊಬ್ಬರ ಮಗನಾಗಿ ಜನಿಸಿದ ಅವರು 1842ರಲ್ಲಿ ಬ್ರೂಕ್ಲಿನ್ನಿಗೆ ಬಂದು ಬಡಗಿಯಾಗಿ ಜೀವನ ಆರಂಭಿಸಿದರು. ವಲಸಿಗರಿಂದ ತುಂಬಿ ತುಳುಕುತ್ತಿದ್ದ ಪೂರ್ವ ತೀರದ ನಗರಗಳಲ್ಲಿ ಪ್ರತಿಯೊಂದು ಬಡಾವಣೆಗೂ ಒಂದು ಚರ್ಚು ಬೇಕಾಗಿತ್ತು. ಅದು ದೊಡ್ಡದಾಗಿರಬೇಕು, ಬೇಗ ಮುಗಿಯಬೇಕು, ಅಗ್ಗವಾಗಿರಬೇಕು, ಆದರೂ ಬಡವರು ತಲೆಯೆತ್ತಿ ತಮ್ಮದೆಂದು ಹೇಳಿಕೊಳ್ಳುವಂತಿರಬೇಕು. ಈ ಬೇಡಿಕೆಯನ್ನು ಕೀಲಿ ನಾಲ್ಕೂವರೆ ದಶಕಗಳ ಕಾಲ ಪೂರೈಸಿದರು. 1896ರಲ್ಲಿ ನಿಧನರಾಗುವ ಹೊತ್ತಿಗೆ ಅವರು ರೂಪಿಸಿದ ಚರ್ಚುಗಳ ಸಂಖ್ಯೆ ಸುಮಾರು 600 ಎಂದು ಹೇಳಲಾಗುತ್ತದೆ. 1884ರಲ್ಲಿ ನಾಟ್ರ್‌ಡಾಮ್ ವಿಶ್ವವಿದ್ಯಾಲಯವು ಅವರಿಗೆ ಲೆಟಾರೆ ಪದಕವನ್ನು ನೀಡಿ ಗೌರವಿಸಿತು.

ಬಾಸ್ಟನ್ನಿನ ಹೋಲಿ ಕ್ರಾಸ್ ಪ್ರಧಾನ ದೇವಾಲಯ ಅವರ ಮುಖ್ಯ ಕೃತಿಗಳಲ್ಲೊಂದು. 1866ರಲ್ಲಿ ಆರಂಭವಾಗಿ 1875ರಲ್ಲಿ ಆರಾಧನೆಗೆ ತೆರೆದುಕೊಂಡ ಈ ಕಟ್ಟಡಕ್ಕೆ ಆ ಪರಿಸರದಲ್ಲಿಯೇ ದೊರೆಯುವ, ಉರುಟು ಕಲ್ಲುಗಳು ಬೆಸೆದುಕೊಂಡಂತಿರುವ ರಾಕ್ಸ್‌ಬರಿ ಕಲ್ಲನ್ನು ಬಳಸಲಾಗಿದೆ. ಇದರ ಮುಂದ್ವಾರದ ಒಳಗಿನ ಕಮಾನಿನಲ್ಲಿ ಇಟ್ಟಿರುವ ಇಟ್ಟಿಗೆಗಳಿಗೊಂದು ಹಿನ್ನೆಲೆಯಿದೆ. 1834ರಲ್ಲಿ ಸಮೀಪದ ಚಾರ್ಲ್ಸ್‌ಟೌನಿನಲ್ಲಿದ್ದ ಅರ್ಸುಲೈನ್ ಸನ್ಯಾಸಿನಿಯರ ಕಾನ್ವೆಂಟನ್ನು ಕ್ಯಾಥೊಲಿಕ್ ವಿರೋಧಿ ಗುಂಪೊಂದು ಸುಟ್ಟುಹಾಕಿತ್ತು. ಆ ಅವಶೇಷದಿಂದ ಆರಿಸಿ ತಂದ ಇಟ್ಟಿಗೆಗಳು ಅವು. ದೇವಾಲಯವನ್ನು ಪ್ರವೇಶಿಸುವ ಪ್ರತಿಯೊಬ್ಬರೂ ಅದರಡಿಯಲ್ಲಿಯೇ ಹಾದುಹೋಗಬೇಕು. ಯೋಜನೆಯಲ್ಲಿದ್ದ ಚೂಪು ಶಿಖರಗಳು ಮಾತ್ರ ಕೊನೆಗೂ ಏಳಲಿಲ್ಲ. ಬ್ರೂಕ್ಲಿನ್ನಿಗಾಗಿ ಕೀಲಿ ರೂಪಿಸಿ 1868ರಲ್ಲಿ ಅಡಿಗಲ್ಲು ಇಡಲಾದ ಪ್ರಧಾನ ದೇವಾಲಯದ ಗತಿ ಇನ್ನೂ ಶೋಚನೀಯ. ಅದು ಎಂದೂ ಪೂರ್ಣಗೊಳ್ಳದೆ ಕಡೆಗೆ 1931ರಲ್ಲಿ ಕೆಡವಲ್ಪಟ್ಟಿತು. ಕೀಲಿಯವರ ಅನೇಕ ಚರ್ಚುಗಳಲ್ಲಿ ವಿನ್ಯಾಸದ ಪುನರಾವರ್ತನೆ ಇರುವುದು ನಿಜ. ಒಂದೊಂದು ಸಭೆಗೂ ಅದು ಜೀವಮಾನದಲ್ಲೊಮ್ಮೆ ಕಟ್ಟಿದ ಚರ್ಚು ಎಂಬ ಅಂಶವನ್ನು ಈ ಟೀಕೆಯ ಜೊತೆಯಲ್ಲಿಟ್ಟು ನೋಡಬೇಕಾಗುತ್ತದೆ.

ರಿಚರ್ಡ್‌ಸನ್ ಮತ್ತು ಬಾಸ್ಟನ್ನಿನ ಟ್ರಿನಿಟಿ ಚರ್ಚು

ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ 1838ರಲ್ಲಿ ಲೂಸಿಯಾನದಲ್ಲಿ ಜನಿಸಿ, ಹಾರ್ವರ್ಡಿನಲ್ಲಿ ಓದಿ, ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪದ ಶಿಕ್ಷಣ ಪಡೆದರು. ಅವರ ಆರಂಭದ ಕೃತಿಗಳಲ್ಲೊಂದಾದ ಬಾಸ್ಟನ್ನಿನ ಬ್ರಾಟಲ್ ಸ್ಕ್ವೇರ್ ಚರ್ಚು ನೋಟಕ್ಕೆ ಗಂಭೀರವಾಗಿದ್ದರೂ ಒಳಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಸಾಲದ ಹೊರೆಯೂ ಸೇರಿ ಸಭೆಯು ಕೆಲವೇ ವರ್ಷಗಳಲ್ಲಿ ವಿಸರ್ಜನೆಯಾಯಿತು. ಕಟ್ಟಡವು 1880ರ ದಶಕದಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದರ ಕೈಸೇರಿತು. ಚರ್ಚು ಮೊದಲು ಕೇಳುವ ಸ್ಥಳ ಎಂಬ ಸತ್ಯವನ್ನು ಅಮೆರಿಕದ ವಾಸ್ತುಶಿಲ್ಪಿ ಮರೆಯುವಂತಿರಲಿಲ್ಲ.

1872ರಲ್ಲಿ ಬಾಸ್ಟನ್ನಿನ ಟ್ರಿನಿಟಿ ಸಭೆಯು ಹೊಸ ಚರ್ಚಿಗಾಗಿ ಏರ್ಪಡಿಸಿದ ಸ್ಪರ್ಧೆಯಲ್ಲಿ ರಿಚರ್ಡ್‌ಸನ್ ಆಯ್ಕೆಯಾದರು. ಅದೇ ವರ್ಷದ ನವೆಂಬರಿನಲ್ಲಿ ನಗರವನ್ನು ದಹಿಸಿದ ಮಹಾಗ್ನಿಯಲ್ಲಿ ಸಭೆಯ ಹಳೆಯ ಚರ್ಚು ನಾಶವಾಯಿತು. ಸಭೆಯ ಗುರು ಫಿಲಿಪ್ಸ್ ಬ್ರೂಕ್ಸ್ ಅಂದಿನ ಅಮೆರಿಕದ ಪ್ರಖ್ಯಾತ ಪ್ರಸಂಗಕಾರರು. ಉದ್ದನೆಯ ಮಧ್ಯಾಂಕಣವುಳ್ಳ ಗಾಥಿಕ್ ಚರ್ಚಿನಲ್ಲಿ ಹಿಂದೆ ಕುಳಿತವರಿಗೆ ಪ್ರಸಂಗ ತಲಪುವುದು ಕಷ್ಟ. ಈ ಕಾರಣದಿಂದ ರಿಚರ್ಡ್‌ಸನ್ ನಾಲ್ಕು ತೋಳುಗಳೂ ಹೆಚ್ಚುಕಡಿಮೆ ಸಮನಾಗಿರುವ ಗ್ರೀಕ್ ಶಿಲುಬೆಯಾಕಾರದ ತಳವಿನ್ಯಾಸವನ್ನು ಆಯ್ದು, ನಡುವೆ ವಿಶಾಲವಾದ ತೆರಪನ್ನು ಕಲ್ಪಿಸಿ, ಅದರ ಮೇಲೆ ಭಾರಿ ಚೌಕ ಗೋಪುರವನ್ನು ನಿಲ್ಲಿಸಿದರು. ಗೋಪುರದ ಕಲ್ಪನೆಗೆ ಸ್ಪೇನಿನ ಸಲಮಾಂಕಾದ ಹಳೆಯ ದೇವಾಲಯದ ಗೋಪುರ ಪ್ರೇರಣೆ. ದುಂಡು ಕಮಾನು, ಒರಟು ಕಲ್ಲಿನ ಮೈ, ದಪ್ಪ ಗೋಡೆಗಳು ದಕ್ಷಿಣ ಫ್ರಾನ್ಸಿನ ರೋಮನೆಸ್ಕ್ ಪರಂಪರೆಯವು. ಹೊರಗಿನ ಗ್ರಾನೈಟ್ ಹಾಗೂ ಅಂಚುಗಳ ಕೆಂಪು ಮರಳುಗಲ್ಲು ಮಾತ್ರ ನ್ಯೂ ಇಂಗ್ಲೆಂಡಿನವು.

ಈ ಚರ್ಚಿನ ನಿಜವಾದ ಸಾಹಸ ಕಣ್ಣಿಗೆ ಕಾಣದ ಜಾಗದಲ್ಲಿದೆ. ಬ್ಯಾಕ್ ಬೇ ಎಂಬ ಆ ಪ್ರದೇಶ ಅಳಿವೆಯ ಜವುಗನ್ನು ಮಣ್ಣು ತುಂಬಿ ಮಾಡಿದ ನೆಲ. ಅಲ್ಲಿ ಕಲ್ಲಿನ ಗೋಪುರವನ್ನು ಹೊರಿಸುವುದಕ್ಕಾಗಿ ಸುಮಾರು 4,500 ಮರದ ಕಂಬಗಳನ್ನು ನೆಲದೊಳಕ್ಕೆ ಹೊಡೆದು ಇಳಿಸಲಾಯಿತು. ಗೋಪುರದ ನಾಲ್ಕು ಮೂಲೆಯ ಕಂಬಗಳಡಿಯಲ್ಲಿ ಗ್ರಾನೈಟಿನ ಪಿರಮಿಡ್ಡುಗಳನ್ನು ಕಟ್ಟಿ, ಭಾರವನ್ನು ಅವುಗಳ ಮೂಲಕ ಮರದ ಕಂಬಗಳಿಗೆ ಹಂಚಲಾಯಿತು. ನೀರಿನಲ್ಲಿ ಮುಳುಗಿರುವವರೆಗೆ ಮರ ಕೊಳೆಯುವುದಿಲ್ಲ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿದರೆ ಶಿಲೀಂಧ್ರ ಹತ್ತಿ ಶಿಥಿಲವಾಗತೊಡಗುತ್ತದೆ. ಅದೇ ಚೌಕದ ಎದುರು ಬದಿಯಲ್ಲಿರುವ ಸಾರ್ವಜನಿಕ ಗ್ರಂಥಾಲಯದ ಅಡಿಯ ಕಂಬಗಳು ಹೀಗೆ ಕೊಳೆತಿದ್ದುದು 1929ರಲ್ಲಿ ಬೆಳಕಿಗೆ ಬಂದಿತು. 1960ರ ದಶಕದ ಕೊನೆಯಲ್ಲಿ ಚರ್ಚಿನ ಪಕ್ಕದಲ್ಲಿಯೇ ಜಾನ್ ಹ್ಯಾನ್‌ಕಾಕ್ ಗಗನಚುಂಬಿಗಾಗಿ ಆಳದ ಅಡಿಪಾಯ ತೋಡಿದಾಗ ಸುತ್ತಣ ನೆಲ ಸರಿದು ಚರ್ಚಿಗೆ ಹಾನಿಯಾಯಿತು. ಈ ಬಗೆಗಿನ ವ್ಯಾಜ್ಯದಲ್ಲಿ ಚರ್ಚಿಗೆ ಪರಿಹಾರ ಸಲ್ಲಬೇಕೆಂಬ ತೀರ್ಪನ್ನು ಮ್ಯಾಸಚೂಸೆಟ್ಸ್ ರಾಜ್ಯದ ಪರಮೋಚ್ಚ ನ್ಯಾಯಾಲಯವು 1987ರಲ್ಲಿ ಎತ್ತಿಹಿಡಿಯಿತು.

1877ರ ಫೆಬ್ರವರಿಯಲ್ಲಿ ಪ್ರತಿಷ್ಠಾಪನೆಗೊಂಡ ಟ್ರಿನಿಟಿಯ ಒಳಗೋಡೆಗಳನ್ನು ಚಿತ್ರಕಾರ ಜಾನ್ ಲ ಫಾರ್ಜ್ ಮತ್ತು ಸಹಾಯಕರು ಕೆಂಪು ಹಿನ್ನೆಲೆಯ ಭಿತ್ತಿಚಿತ್ರಗಳಿಂದ ತುಂಬಿಸಿದರು. ವಾಸ್ತುಶಿಲ್ಪಿ, ಚಿತ್ರಕಾರ, ಗಾಜಿನ ಕುಶಲಕರ್ಮಿ ಒಂದೇ ಕಲ್ಪನೆಗೆ ಒಳಪಟ್ಟು ದುಡಿದ ಇಂತಹ ನಿದರ್ಶನ ಅಮೆರಿಕದಲ್ಲಿ ಅದಕ್ಕೆ ಮುಂಚೆ ವಿರಳ. 1885ರಲ್ಲಿ ವಾಸ್ತುಶಿಲ್ಪ ಪತ್ರಿಕೆಯೊಂದು ವೃತ್ತಿನಿರತರಿಂದ ದೇಶದ ಹತ್ತು ಶ್ರೇಷ್ಠ ಕಟ್ಟಡಗಳ ಬಗ್ಗೆ ಅಭಿಪ್ರಾಯ ಸಂಗ್ರಹಿಸಿದಾಗ ಬಾಸ್ಟನ್ನಿನ ಟ್ರಿನಿಟಿ ಮೊದಲ ಸ್ಥಾನ ಗಳಿಸಿತು. ಅಪ್‌ಜಾನರ ನ್ಯೂಯಾರ್ಕಿನ ಟ್ರಿನಿಟಿಯೂ ಆ ಹತ್ತರಲ್ಲಿ ಸೇರಿತ್ತು. ಮರುವರ್ಷವೇ, 47ರ ವಯಸ್ಸಿನಲ್ಲಿ, ರಿಚರ್ಡ್‌ಸನ್ ಕಾಲವಶರಾದರು. ಅವರ ಹೆಸರಿನಿಂದಲೇ ಗುರುತಿಸಲಾಗುವ ರೋಮನೆಸ್ಕ್ ಶೈಲಿಯು ಮುಂದೆ ನ್ಯಾಯಾಲಯ, ಗ್ರಂಥಾಲಯ, ರೈಲು ನಿಲ್ದಾಣಗಳವರೆಗೂ ಹಬ್ಬಿತು. ಫಿಲಡೆಲ್ಫಿಯಾದ ಆಫ್ರಿಕನ್ ಅಮೆರಿಕನ್ನರ ಮದರ್ ಬೆತೆಲ್ ಸಭೆಯು 1889–90ರಲ್ಲಿ ಕಟ್ಟಿಸಿದ ತನ್ನ ನಾಲ್ಕನೆಯ ಕಟ್ಟಡಕ್ಕೂ ರೋಮನೆಸ್ಕ್ ಶೈಲಿಯನ್ನೇ ಆರಿಸಿಕೊಂಡಿತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ರಿಚರ್ಡ್ ಅಲೆನ್ ಸ್ಥಾಪಿಸಿದ ಈ ಸಭೆಯು ಆ ನಿವೇಶನವನ್ನು 1791ರಿಂದಲೂ ತನ್ನ ಒಡೆತನದಲ್ಲಿ ಉಳಿಸಿಕೊಂಡು ಬಂದಿದೆ.

ಶ್ರೋತೃಗಳಿಗಾಗಿ ರೂಪುಗೊಂಡ ಚರ್ಚು

ಬಲಿಪೀಠವನ್ನು ಕೇಂದ್ರವಾಗಿಸಿಕೊಂಡ ಪರಂಪರೆಯ ಜೊತೆಜೊತೆಗೇ ಪ್ರಸಂಗ ಮತ್ತು ಬೋಧನೆಗಳಿಗೆ ಆದ್ಯತೆ ನೀಡಿದ ಮತ್ತೊಂದು ಧಾರೆಯೂ ಹರಿಯುತ್ತಿತ್ತು. ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್ ಸಭೆಗಳು ರಂಗಮಂದಿರದಂತೆ ಅರ್ಧವೃತ್ತಾಕಾರವಾಗಿ ಬಾಗಿದ ಆಸನಗಳ ಸಾಲುಗಳನ್ನೂ ವೇದಿಕೆಯ ಕಡೆಗೆ ಇಳಿಜಾರಾದ ನೆಲವನ್ನೂ ಅಳವಡಿಸಿಕೊಂಡವು. ಓಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಕೃಷಿಯಂತ್ರಗಳ ತಯಾರಕ ಲೂಯಿಸ್ ಮಿಲ್ಲರ್ ಅವರ ಕಲ್ಪನೆಯಂತೆ ವಾಸ್ತುಶಿಲ್ಪಿ ಜೇಕಬ್ ಸ್ನೈಡರ್ 1870ರ ಸುಮಾರಿಗೆ ರೂಪಿಸಿದ ಭಾನುವಾರದ ಶಾಲೆಯ ಕಟ್ಟಡ ಇದಕ್ಕೆ ಹೊಸ ತಿರುವು ನೀಡಿತು. ನಡುವೆ ದೊಡ್ಡ ಸಭಾಂಗಣ, ಸುತ್ತಲೂ ಎರಡು ಅಂತಸ್ತುಗಳಲ್ಲಿ ಸಣ್ಣ ತರಗತಿಗಳು. ಬಾಗಿಲುಗಳನ್ನು ತೆರೆದರೆ ಎಲ್ಲರೂ ಒಂದೇ ಸಭೆ, ಮುಚ್ಚಿದರೆ ವಯಸ್ಸಿಗೆ ತಕ್ಕ ಪ್ರತ್ಯೇಕ ತರಗತಿಗಳು. ಆಕ್ರನ್ ಯೋಜನೆಯೆಂದು ಹೆಸರಾದ ಈ ಕ್ರಮವನ್ನು ಮುಂದಿನ ದಶಕಗಳಲ್ಲಿ ದೇಶದಾದ್ಯಂತ ಅನೇಕ ಸಭೆಗಳು ಸ್ವೀಕರಿಸಿದವು. ಇದಕ್ಕೆ ಮಧ್ಯಯುಗದ ಯುರೋಪಿನಲ್ಲಿ ಮಾದರಿಯಿರಲಿಲ್ಲ. ಹೊರಗೆ ಗಾಥಿಕ್ ಅಥವಾ ರೋಮನೆಸ್ಕ್ ಉಡುಗೆ ತೊಟ್ಟಿದ್ದರೂ ಒಳಗಿನ ತಳವಿನ್ಯಾಸ ಸಂಪೂರ್ಣವಾಗಿ ಅಮೆರಿಕದ್ದೇ ಆಗಿತ್ತು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅಮೆರಿಕದ ಚರ್ಚ್ ವಾಸ್ತುಶಿಲ್ಪಿಗಳು ಶೈಲಿಯನ್ನು ಯುರೋಪಿನಿಂದ ಪಡೆದರೆಂಬುದು ನಿರ್ವಿವಾದ. ಆದರೆ ಕಲ್ಲಿನ ಚಾವಣಿ ಗಾರೆಯಾದುದು, ಆಸರೆ ಕಮಾನು ಇಲ್ಲವಾದುದು, ಕಲ್ಲಿನ ಗೋಡೆ ಹಲಗೆಯಾದುದು, ಮಧ್ಯಾಂಕಣ ಗಿಡ್ಡವಾಗಿ ನಡುವಣ ತೆರಪು ಹಿಗ್ಗಿದುದು ಇವೆಲ್ಲವೂ ಆ ನೆಲದ ಒತ್ತಡಗಳಿಗೆ ಅವರು ನೀಡಿದ ಉತ್ತರಗಳು. ಈ ಉತ್ತರಗಳಲ್ಲಿ ಕೆಲವು ಸೋಲುಗಳು, ಕೆಲವು ರಾಜಿಗಳು, ಕೆಲವು ನೂತನ ಸಾಧನೆಗಳು. ಅನುಕರಣೆಯೆಂಬ ಒಂದೇ ಮಾತಿನಿಂದ ಇವುಗಳನ್ನು ಅಳೆದರೆ ಹಣ ಕೂಡಿಸಿದ ಸಭೆಗಳ, ಕಲ್ಲು ಕಡಿದ ಕೈಗಳ, ಹಲಗೆ ಜೋಡಿಸಿದ ಬಡಗಿಗಳ ಪಾಲು ಚರಿತ್ರೆಯಿಂದ ಜಾರಿಹೋಗುತ್ತದೆ.

ಈ ಕಟ್ಟಡಗಳ ಮುಂದಿನ ಬಾಳು ಕೂಡ ದೇಣಿಗೆಯನ್ನೇ ಅವಲಂಬಿಸಿದೆ. ಸೇಂಟ್ ಪ್ಯಾಟ್ರಿಕ್ ದೇವಾಲಯದ 2012–15ರ ಜೀರ್ಣೋದ್ಧಾರಕ್ಕೆ ಸುಮಾರು 17.7 ಕೋಟಿ ಡಾಲರ್ ವೆಚ್ಚವಾಯಿತು. ಫಿಲಡೆಲ್ಫಿಯಾದ ಸೇಂಟ್ ಜೇಮ್ಸ್ ದ ಲೆಸ್ ಚರ್ಚಿನ ಸಭೆಯು ಧರ್ಮಪ್ರಾಂತದೊಡನೆ ನಡೆದ ವ್ಯಾಜ್ಯದ ಬಳಿಕ 2006ರಲ್ಲಿ ಆ ಕಟ್ಟಡವನ್ನು ತೊರೆಯಿತು. 2011ರಲ್ಲಿ ಅದೇ ಆವರಣದಲ್ಲಿ ಬಡ ಮಕ್ಕಳಿಗಾಗಿ ಶಾಲೆಯೊಂದು ಆರಂಭವಾಯಿತು. ನ್ಯೂಯಾರ್ಕಿನ ಟ್ರಿನಿಟಿಯ ಶಿಖರವನ್ನು 1890ರ ದಶಕದಿಂದ ಮೇಲೇಳತೊಡಗಿದ ಕಚೇರಿ ಕಟ್ಟಡಗಳು ಸುತ್ತುವರಿದು ಮುಚ್ಚಿವೆ. ಪೂರ್ಣ ಸಭೆಗಳಿಲ್ಲದ ಎಷ್ಟೋ ಚರ್ಚುಗಳ ಮುಂದೆ ಮಾರಾಟ ಅಥವಾ ನೆಲಸಮವೆಂಬ ಪ್ರಶ್ನೆ ನಿಂತಿದೆ. ಯಾವುದನ್ನು ಉಳಿಸಬೇಕೆಂದು ನಿರ್ಧರಿಸುವಾಗ ಶಿಖರದ ಎತ್ತರ, ಶೈಲಿಯ ಶುದ್ಧತೆಗಳ ಜೊತೆಗೆ, ಹೋಲಿ ಕ್ರಾಸ್ ದೇವಾಲಯದ ಕಮಾನಿನಲ್ಲಿರುವ ಸುಟ್ಟ ಕಾನ್ವೆಂಟಿನ ಇಟ್ಟಿಗೆಗಳಂತಹ ಸಾಕ್ಷ್ಯಗಳನ್ನೂ ಪರಿಗಣಿಸಬೇಕಾದುದು ಅವಶ್ಯ.